ದೀಪವಾರಿದ ಮನೆಗಳು

ನಮ್ಮ ಕಂದಾಯದ ಕಡತಗಳಲ್ಲಿ ‘ಬೇಚಿರಾಕ್ ಗ್ರಾಮ’ ಎಂಬ ಮಾತೊಂದುಂಟು. ಪಾರಸಿಯಲ್ಲಿ ‘ಚಿರಾಗ್’ ಎಂದರೆ ದೀಪ. ‘ಬೇ’ ಎಂದರೆ ಇಲ್ಲದ್ದು. ಸಂಜೆ ದೀಪ ಹಚ್ಚುವವರಿಲ್ಲದ ಊರು ಎಂದು ಅರ್ಥ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 1878ರವರೆಗೆ, ಮೈಸೂರು ಸೀಮೆಯ ಎಷ್ಟೋ ಮನೆಗಳ ದೀಪ ಆರಿತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷವನ್ನೂ ಮುಟ್ಟಲಿಲ್ಲ. ಆದರೂ ಬೇಚಿರಾಕ್ ಊರಿಗೆ ಕಡತದಲ್ಲಿ ಹೆಸರಿದೆ, ಎಲ್ಲೆಯಿದೆ.

ಕಡತಕ್ಕೇ ಸೇರದ ಹಾಳುಮನೆಗಳು ಬೇರೆ. ತುಮಕೂರು ತಾಲ್ಲೂಕಿನ ಹೆಬ್ಬೂರು ಹೋಬಳಿಯಂಥ ರಾಗಿಹೊಲ, ತೆಂಗಿನ ತೋಟಗಳ ಸೀಮೆಯನ್ನು ನೆನೆಯಿರಿ. ಇಲ್ಲಿ ಒಡೆಯನ ತೊಟ್ಟಿಮನೆ ಬಿದ್ದರೆ ಕಲ್ಲಿನ ತಳಪಾಯ, ಕಂಬದ ಬುಡ, ಧಾನ್ಯ ತುಂಬುತ್ತಿದ್ದ ಹಗೇವಿನ ಬಾಯಿ ಇಷ್ಟಾದರೂ ಉಳಿಯುತ್ತವೆ. ತೋಟದಂಚಿನ ಆಳಿನ ಗುಡಿಸಲಿಗೆ ಆ ಭಾಗ್ಯವಿಲ್ಲ. ಹುಲ್ಲು ಹೊದಿಸುವ ಕೈ ಇಲ್ಲದಾದರೆ ಕೆಲವೇ ಮಳೆಗಾಲಗಳಲ್ಲಿ ಮಣ್ಣಿನ ಗೋಡೆ ಕರಗುತ್ತದೆ. ಬೂದಿ, ಸಗಣಿ ಬೆರೆತ ಆ ಮಣ್ಣು ಗೊಬ್ಬರವಾಗಿ ಹೊಲ ಸೇರುತ್ತದೆ. ಉಳಿದರೆ ಒಂದು ಒರಳುಕಲ್ಲು, ಒಂದು ನುಗ್ಗೆಮರ.

ಅಲ್ಲಿದ್ದವರು ಸಾಲಕ್ಕೆ ಜೀತವಿದ್ದವರು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನಿಗೆ ನೆಲದ ಹಕ್ಕು ಕೊಟ್ಟಿತು, ಜೀತದಾಳು ಗೇಣಿದಾರನಲ್ಲ. 1975ರ ಸುಗ್ರೀವಾಜ್ಞೆಯೂ 1976ರ ಕಾಯಿದೆಯೂ ಜೀತವನ್ನು ರದ್ದುಮಾಡಿದವು. ಸಾಲ ಹರಿಯಿತು, ಸರಿ. ಆದರೆ ಗುಡಿಸಲು ನಿಂತ ನೆಲ ಒಡೆಯನದೇ ಅಲ್ಲವೇ? ಕಾಯಿದೆ ಇದನ್ನು ಮುಂಗಂಡಿತ್ತು. ಬಿಡುಗಡೆಯಾದವನನ್ನು ಅವನ ವಾಸದ ಮನೆಯಿಂದ ಎಬ್ಬಿಸಕೂಡದು, ಎಬ್ಬಿಸಿದ್ದರೆ ಮರಳಿ ಕೊಡಿಸಬೇಕು ಎಂದು ಅದರ 8ನೆಯ ಪ್ರಕರಣ ವಿಧಿಸುತ್ತದೆ. ತೀರ ಈಚೆಗೆ, 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯೊಂದು ಹಟ್ಟಿ, ತಾಂಡಾ, ಪಾಳ್ಯಗಳಂಥ ದಾಖಲೆಯಿಲ್ಲದ ವಸತಿಗಳ ನಿವಾಸಿಗಳಿಗೂ ಮನೆಯ ಹಕ್ಕಿನ ದಾರಿ ತೆರೆಯಿತು. ಆದರೆ ಅದು ಇನ್ನೂ ಅಲ್ಲಿರುವವರ ಮಾತು. ಎಂದೋ ಎದ್ದುಹೋದವನು ಯಾವ ಕಾಗದ ತೋರಿಸಿಯಾನು?

ಅವನಲ್ಲಿರುವುದು ನೆನಪೊಂದೇ. ಬಾಗಿಲು ಯಾವ ದಿಕ್ಕಿಗಿತ್ತು, ನೀರು ಯಾವ ಬಾವಿಯದು, ಕೆರೆ ಕೋಡಿಬಿದ್ದ ವರ್ಷ ಗೋಡೆ ಎಲ್ಲಿ ಕುಸಿಯಿತು ಎಂಬುದನ್ನು ಮುದುಕರು ತಡವರಿಸದೆ ಹೇಳಬಲ್ಲರು. ಜೀತದ ಗುಡಿಸಲಿಗಾಗಿ ಹಂಬಲಿಸುವುದುಂಟೇ ಎಂದು ಕೆಲವರು ಕೇಳಬಹುದು. ಹಂಬಲ ಜೀತದ್ದಲ್ಲ. ಮಕ್ಕಳು ಹುಟ್ಟಿದ, ಹಿರಿಯರು ಕಣ್ಮುಚ್ಚಿದ ಜಾಗಕ್ಕೆ ಒಂದು ಗುರುತಿರಲಿ ಎಂಬುದಷ್ಟೇ. ಈ ಮಾತುಗಳನ್ನು ಕೇವಲ ಕಥೆಯೆಂದು ತಳ್ಳದೆ, ಸಾಕ್ಷ್ಯವೆಂದು ಬಗೆದು, ಹೇಳುವವರು ಇರುವಾಗಲೇ ಬರೆದಿಟ್ಟುಕೊಳ್ಳುವುದು ನಮ್ಮ ಕರ್ತವ್ಯ. ಹಾಳೂರಿಗೆ ಕಡತದಲ್ಲಿ ಒಂದು ಸಾಲು ಸಿಕ್ಕಿತು. ಆಳಿನ ಮನೆಗೂ ಒಂದು ಸಾಲು ಸಲ್ಲಬೇಡವೇ?