ಭತ್ತದ ತೇವವೂ ಶೇಕಡಾ ಲೆಕ್ಕವೂ

ಶೇಕಡಾ ಎಂದರೆ ನೂರಕ್ಕೆ ಇಂತಿಷ್ಟು ಎಂಬುದನ್ನು ಅರಿಯದ ಒಕ್ಕಲಿಗನಿಲ್ಲ. ಆದರೆ ಆ ನೂರು ಯಾವುದರ ನೂರೆಂಬುದನ್ನು ವಿಚಾರಿಸದೆ ಮಾಡಿದ ಲೆಕ್ಕವು ಕಣದಲ್ಲಿಯೇ ಹಾನಿಯನ್ನುಂಟುಮಾಡುವದು.

ಜೋಯಿಡಾ ತಾಲೂಕಿನ ರಾಮನಗರದ ಕಡೆಗೂ ಹಳಿಯಾಳ, ಮುಂಡಗೋಡಗಳಲ್ಲಿಯೂ ಭತ್ತವು ಪ್ರಮುಖ ಪೈರುಗಳಲ್ಲೊಂದು. ಸರಕಾರದ ಖರೀದಿಯಲ್ಲಿ ಭತ್ತದ ತೇವವು ಶೇಕಡಾ 17ನ್ನು ಮೀರಕೂಡದು. ಒಬ್ಬ ಜಮೀನುದಾರನ ಭತ್ತದಲ್ಲಿ ಶೇಕಡಾ 22 ತೇವವಿದೆಯೆಂದು ಭಾವಿಸೋಣ. ಅದನ್ನು 17ಕ್ಕೆ ಒಣಗಿಸಿದರೆ ಕ್ವಿಂಟಲಿಗೆ 5 ಕಿಲೋ ಮಾತ್ರ ಇಳಿಯುವದೆಂದು ಹಲವರ ಎಣಿಕೆ. ಇದು ಸರಿಯಲ್ಲ.

100 ಕಿಲೋ ಹಸಿ ಭತ್ತದಲ್ಲಿ ನೀರು 22, ಒಣ ಅಂಶ 78 ಕಿಲೋ. ಒಣಗಿಸಿದರೂ ಈ 78 ಕರಗದು. ತೇವ 17 ಆದಾಗ ಒಣ ಅಂಶವು ನೂರಕ್ಕೆ 83 ಆಗತಕ್ಕದ್ದು. ಆದಕಾರಣ 78ನ್ನು 100ರಿಂದ ಗುಣಿಸಿ 83ರಿಂದ ಭಾಗಿಸಿದರೆ ಸುಮಾರು 94 ಕಿಲೋ ಬರುವದು. ಇಳಿತವು 5 ಅಲ್ಲ, 6 ಕಿಲೋ.

ಇದನ್ನರಿತವನಿಗೆ ಎರಡು ಲಾಭಗಳು. ಒಣಗಿಸಿದ ಮೇಲೆ ತೂಕ ಕಡಿಮೆಯಾಯಿತೆಂದು ಆಳುಗಳನ್ನು ವೃಥಾ ಸಂಶಯಿಸನು. ಹಸಿ ಭತ್ತಕ್ಕೆ ವ್ಯಾಪಾರಿಯು ಕ್ವಿಂಟಲಿಗೆ 10 ಕಿಲೋ ಮುರಿದುಕೊಂಡರೆ, 4 ಕಿಲೋ ಹೆಚ್ಚಾಗಿ ಹೋಯಿತೆಂದು ತಿಳಿಯುವನು. 50 ಕ್ವಿಂಟಲಿಗೆ ಈ ನಷ್ಟವು 2 ಕ್ವಿಂಟಲು. ಒಣಗಿಸುವ ಕೂಲಿಯು ಆ 2 ಕ್ವಿಂಟಲಿನ ಬೆಲೆಗಿಂತ ಕಡಿಮೆಯಾದರೆ ಒಣಗಿಸಿಯೇ ಮಾರುವದು ಲೇಸು.

ಊರ ಹಿರಿಯರು ಸುಗ್ಗಿಗೆ ಮುಂಚೆಯೇ ಈ ಲೆಕ್ಕವನ್ನು ಚಾವಡಿಯಲ್ಲಿ ಎಲ್ಲರಿಗೂ ತಿಳಿಸತಕ್ಕದ್ದು.