ಹುದ್ದೆ ಹೋಯ್ತು, ಸೇವೆ ಬಂತು

ಸರ್ಕಾರದ ಕಂಪ್ಯೂಟರ್ ಕೆಲಸ ಅಂದ್ರೆ ಸರ್ಕಾರಿ ನೌಕರಿ ಎಂದೇ ನಮ್ಮ ಕೇರಿಗಳಲ್ಲಿ ಎಷ್ಟೋ ಜನ ನಂಬಿದ್ದಾರೆ. ಬಹಳಷ್ಟು ಕಡೆ ಅದು ನೌಕರಿಯಲ್ಲ, ಗುತ್ತಿಗೆ. ಇದರ ಒಳಮರ್ಮ ತಿಳಿಯದೆ ಮೀಸಲಾತಿಯ ಬಗ್ಗೆ ಆಡುವ ಮಾತು ಅರ್ಧ ಮಾತು.

ನಡೆಯುವುದು ಹೀಗೆ. ಇಲಾಖೆಗೆ ತಂತ್ರಾಂಶ ಬೇಕು. ಬರೆಯುವವರಿಗೆ ಮಂಜೂರಾದ ಹುದ್ದೆಯಿಲ್ಲ. ಟೆಂಡರ್ ಕರೆಯುತ್ತಾರೆ. ಇಂತಿಷ್ಟು ವಹಿವಾಟು, ಇಂತಿಷ್ಟು ಅನುಭವ ಇರುವ ಏಜೆನ್ಸಿ ಬರುತ್ತದೆ. ತಲೆಗಿಷ್ಟು, ತಿಂಗಳಿಗಿಷ್ಟು ಎಂದು ದರ. ಏಜೆನ್ಸಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಹುಡುಗನ ಕೈಗಿಡುತ್ತದೆ. ಹುಡುಗ ಕೂರೋದು ಸರ್ಕಾರಿ ಕಚೇರಿಯಲ್ಲಿ, ಕೆಲಸ ಹೇಳೋದು ಸರ್ಕಾರಿ ಅಧಿಕಾರಿ. ಕಾಗದದಲ್ಲಿ ಮಾತ್ರ ಅವನು ಸರ್ಕಾರಕ್ಕೆ ಯಾರೂ ಅಲ್ಲ. ಇಲಾಖೆಯೇ ಇಟ್ಟುಕೊಂಡ ದಿನಗೂಲಿಗಳಿಗೂ ಖಾಯಂ ಮಾಡಿ ಎಂದು ಕೇಳುವ ಹಕ್ಕಿಲ್ಲವೆಂದು 2006ರ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು ಏಜೆನ್ಸಿಯ ಹುಡುಗನ ಪಾಡೇನು?

ಸಂವಿಧಾನದ 16(4)ನೇ ವಿಧಿ ಮೀಸಲಾತಿ ಹೇಳುವುದು ನೇಮಕಾತಿಗೆ, ಹುದ್ದೆಗೆ. ಹುದ್ದೆಯನ್ನು ‘ಸೇವೆ’ ಎಂದು ಕರೆದು ಕೊಂಡುಕೊಂಡರೆ ರೋಸ್ಟರ್ ತಾನಾಗಿಯೇ ಉದುರಿಹೋಗುತ್ತದೆ. ಯಾವ ಕಾಯ್ದೆಯನ್ನೂ ರದ್ದು ಮಾಡಬೇಕಿಲ್ಲ, ಶಬ್ದ ಬದಲಾದರೆ ಸಾಕು. ದಲಿತ ವಿಮರ್ಶೆ ಕತೆ ಕವಿತೆಗಳನ್ನಷ್ಟೇ ಓದಿದರೆ ಸಾಲದು, ಟೆಂಡರ್ ಕಾಗದವನ್ನೂ ಓದಬೇಕು.

ಗುತ್ತಿಗೆ ನಮಗೆ ಹೊಸದೇನಲ್ಲ. ಪೌರಕಾರ್ಮಿಕರು ಅದರ ವಿರುದ್ಧ ವರ್ಷಗಟ್ಟಲೆ ಬೀದಿಗಿಳಿದರು. ಪದ್ಧತಿ ಒಂದೇ. ಆದರೆ ಕಸದ ಗುತ್ತಿಗೆಗೆ ನಮ್ಮವರನ್ನು ಮೀಸಲಾತಿಯಿಲ್ಲದೆಯೂ ಹುಡುಕಿ ತರುತ್ತಾರೆ. ಕಂಪ್ಯೂಟರ್ ಗುತ್ತಿಗೆಗೆ ‘ಮೆರಿಟ್’ ನೋಡುತ್ತಾರೆ. ಜಾತಿಯೆಂದರೆ ದುಡಿಯುವವರನ್ನೇ ಒಡೆಯುವುದೆಂದು ಬಾಬಾಸಾಹೇಬರು 1936ರಲ್ಲೇ ಗುರುತಿಸಿದ್ದರಲ್ಲ, ಅದು ಇಲ್ಲಿ ಕಣ್ಣೆದುರೇ ಇದೆ.

ಇದು ಬರೀ ಸಂಬಳದ ಪ್ರಶ್ನೆಯೂ ಅಲ್ಲ. ‘ಭೂಮಿ’ ಯೋಜನೆ ಬಂದ ಮೇಲೆ ಪಹಣಿ ಎಂದರೆ ಕಂಪ್ಯೂಟರಿನಿಂದ ಬರುವ ಕಾಗದ. ನಮ್ಮವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಬಾರದೆಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಇಂಥ ತಡೆ ಪರದೆಯ ಮೇಲೆ ಕಾಣಬೇಕೋ ಬೇಡವೋ ಎಂಬುದು ತಂತ್ರಾಂಶ ಬರೆಯುವಾಗಲೇ ತೀರ್ಮಾನವಾಗುವ ವಿಷಯ. ಆ ಮೇಜಿನ ಮುಂದೆ ನಮ್ಮವರು ಇರಬೇಡವೇ?

ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿತು. ಒಳ್ಳೆಯದೇ. ಆದರೆ ಇಪ್ಪತ್ತು ಮಂದಿಗಿಂತ ಕಡಿಮೆ ಇದ್ದರೆ ಅದು ಅನ್ವಯಿಸದು. ತಂತ್ರಾಂಶದ ತಂಡವೋ, ಅಲ್ಲಿ ನಾಲ್ವರು ಇಲ್ಲಿ ಆರು ಮಂದಿ. ಬಲೆಯ ಕಣ್ಣಿಗಿಂತ ಮೀನು ಸಣ್ಣದಾದರೆ ಬಲೆ ಬೀಸಿ ಏನು ಫಲ?

ಆದ್ದರಿಂದ ಗೆಳೆಯರು ಮಾಡಬೇಕಾದ್ದು ಇಷ್ಟು. 2005ರ ಮಾಹಿತಿ ಹಕ್ಕಿನಡಿ ಒಂದೊಂದು ಇಲಾಖೆಯ ಟೆಂಡರ್ ಷರತ್ತುಗಳನ್ನು ಕೇಳಿ ತರಿಸಿ. ರೋಸ್ಟರ್ ಎಂಬ ಪದ ಅದರಲ್ಲಿ ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ, ನಮ್ಮ ಹೋರಾಟ ಶುರುವಾಗಬೇಕಾದ್ದು ಆ ಪುಟದಿಂದಲೇ.