ಸೊಂಟದ ಮೇಲಿನ ಕೂಸು ಮತ್ತು ಹುಡುಗಿಯ ಸಾಲಿ

"ಅವಕ್ಕ ಸಾಲಿ ಎಲ್ಲಿ ಬೇಕಾಗೇತ್ರಿ, ಚಿಲ್ಲರೆ ರುಚಿ ಹತ್ತೇತಿ." ಗದಗ ಬಸ್ ನಿಲ್ದಾಣದಲ್ಲಿ ಕೈಚಾಚುವ ಹುಡುಗಿಯನ್ನು ಕಂಡವರು ಆಡುವ ಮಾತಿದು. ಅವಳ ಸೊಂಟದ ಮೇಲೆ ಒಂದು ವರ್ಷದ ತಮ್ಮ ಇರುತ್ತಾನಲ್ಲ, ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾಯಿ ಒಂದು ಓಣಿಗೆ, ಅಪ್ಪ ಇನ್ನೊಂದು ಊರಿಗೆ ಹೋದರೆ ಕೂಸು ಬೀಳುವುದು ಹಿರಿಮಗಳ ಪಾಲಿಗೆ. ಮೇಲೆ ಅಲೆದಾಟ ಬೇರೆ: ಶಿರಹಟ್ಟಿಯ ಫಕೀರೇಶ್ವರ ಜಾತ್ರೆ, ಲಕ್ಷ್ಮೇಶ್ವರದ ದೂದನಾನಾ ದರ್ಗಾ, ಮುಂಡರಗಿಯ ಅನ್ನದಾನೀಶ್ವರ ಮಠ. ಹೆಸರು ಒಂದೂರಿನ ಹಾಜರಿ ಪುಸ್ತಕದಲ್ಲಿ, ಹುಡುಗಿ ಇನ್ನೊಂದೂರಿನ ಜಾತ್ರೆಯಲ್ಲಿ.

ಜನ್ಮ ದಾಖಲೆ, ವರ್ಗಾವಣೆ ಪತ್ರ (ಟಿಸಿ) ಇಲ್ಲದಿದ್ದರೆ ಸಾಲಿಗೆ ಸೇರಿಸಿಕೊಳ್ಳುವುದಿಲ್ಲ ಎಂಬ ಮಾತೂ ಸುಳ್ಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ಪುರಾವೆ ಇಲ್ಲವೆಂದು 6ರಿಂದ 14 ವರ್ಷದ ಯಾವ ಮಗುವನ್ನೂ ವಾಪಸು ಕಳಿಸುವಂತಿಲ್ಲ. ಹತ್ತು ವರ್ಷದವಳನ್ನು ಒಂದನೇ ತರಗತಿಯ ಚಿಕ್ಕವರ ನಡುವೆ ಕೂರಿಸಬೇಕಿಲ್ಲ. ವಯಸ್ಸಿಗೆ ತಕ್ಕ ತರಗತಿ ಕೊಟ್ಟು, ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು.

ಪೊಲೀಸರು ಹಿಡಿದುಕೊಂಡು ಹೋಗಲಿ ಎನ್ನುವವರಿಗೆ: ಭಿಕ್ಷೆ ಬೇಡುವ ಮಗು ಅಪರಾಧಿಯಲ್ಲ. 2015ರ ಬಾಲನ್ಯಾಯ ಕಾಯ್ದೆ ಅದನ್ನು ಪಾಲನೆ, ರಕ್ಷಣೆ ಬೇಕಾದ ಮಗುವೆಂದು ಗುರುತಿಸುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುತ್ತದೆ. ಮಗುವನ್ನು ಭಿಕ್ಷೆಗೆ ಹಚ್ಚಿದವರಿಗೆ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ.

ಹಾಗೆಂದು ಪ್ರತಿ ಮಗುವಿನ ಹಿಂದೆ ದೊಡ್ಡ ಜಾಲವಿದೆ ಎಂದುಕೊಳ್ಳಬೇಡಿ. ಜಾಲಗಳು ಇಲ್ಲವೆಂದಲ್ಲ. ಆದರೆ ಭಿಕ್ಷಾಟನೆಯ ಹಿಂದಿರುವುದು ಬಡತನ ಎಂದು ಸುಪ್ರೀಂ ಕೋರ್ಟ್ 2021ರ ಜುಲೈನಲ್ಲಿ ಹೇಳಿತು. ಜಾಲದ ಕಥೆ ನಮಗೆ ಹಿತ, ಏಕೆಂದರೆ ಅದರಲ್ಲಿ ನಮ್ಮ ಪಾತ್ರವಿಲ್ಲ.

ನಾಣ್ಯ ಹಾಕಿದರೆ ಕರ್ತವ್ಯ ಮುಗಿಯಿತೆ? ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಭಿಕ್ಷುಕರ ಕರವನ್ನು ನಾವು ಕಟ್ಟುತ್ತಲೇ ಇದ್ದೇವೆ. 1975ರ ರಾಜ್ಯ ಕಾಯ್ದೆಯಂತೆ ಅದು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗುತ್ತದೆ. ಹುಡುಗಿಯ ಸೊಂಟದ ಕೂಸನ್ನು ಇಳಿಸಿಕೊಳ್ಳಲು ಬೇಕಾದದ್ದು ಬೇರೆ: ಹಗಲು ಅದನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರ. ಮೂರು ವರ್ಷದೊಳಗಿನ ಮಕ್ಕಳಿಗೆಂದು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ 'ಕೂಸಿನ ಮನೆ' ಇರುವುದು ಗ್ರಾಮ ಪಂಚಾಯಿತಿಗಳಲ್ಲಿ, ಮುಖ್ಯವಾಗಿ ನರೇಗಾ ಕೂಲಿಕಾರರ ಮಕ್ಕಳಿಗೆ. ಬೆಟಗೇರಿಯ ಓಣಿಯಲ್ಲಿ, ಲಕ್ಷ್ಮೇಶ್ವರದ ಪುರಸಭೆ ವ್ಯಾಪ್ತಿಯಲ್ಲಿ ತಿರುಗುವ ಕುಟುಂಬಕ್ಕೆ ಆ ಬಾಗಿಲು ತೆರೆದಿಲ್ಲ. ನಗರಸಭೆಯ ಮುಂದಿನ ಬಜೆಟ್ ಸಭೆಯಲ್ಲಿ ಸದಸ್ಯರೊಬ್ಬರು, ಊರೊಳಗೂ ಇಂಥ ಕೂಸಿನ ಮನೆ ಏಕಿಲ್ಲ ಎಂದು ಕೇಳಬಹುದು.